ಕೂತ್ಕೊಳ್ಳಿ ಮೇಷ್ಟ್ರೇ

ಮೂರನೇ ಸೀರೆಯನ್ನೂ ಬಿಚ್ಚಿ ಮಂಚದ ಮೇಲೆ ಎಸೆದಾಗ ಗಂಗಾಂಬಿಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಗಂಡನ ಸಾವನ್ನು ನೋಡಿ ಜನ ನಗುವುದನ್ನು ನೋಡಲು ಹೊರಟವಳು ಯಾವ ಬಣ್ಣ ಉಟ್ಟರೇನು? ಹಸಿರಂಚಿನದು ಉಟ್ಟರೆ ಮದುವೆಮನೆಗೆ ಹೊರಟಂತೆ. ಬೂದುಬಣ್ಣದ್ದು ಉಟ್ಟರೆ ಸಾವಿನ ಮನೆಗೆ. ನೀಲಿಯದು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ಟೀಚರಮ್ಮನ ಸೀರೆ, ಇನ್ಸ್‌ಪೆಕ್ಷನ್ ದಿನದ್ದು. ಕೊನೆಗೆ ಬೂದುಬಣ್ಣದ್ದನ್ನೇ ಮತ್ತೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಗೋಡೆಯ ಮೇಲಿನ ಗಂಡನ ಪಟದ ಕಡೆ ನೋಡದೆ ಬಾಗಿಲಿಗೆ ಬೀಗ ಹಾಕಿದಳು. ನಾಲ್ಕು ವರ್ಷವಾದರೂ ಆ ಪಟವನ್ನು ನೇರವಾಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಅಲ್ಲಿ ಬಸವರಾಜಯ್ಯ ಸೀಟಿ ಕತ್ತಿಗೆ ಹಾಕಿಕೊಂಡು, ಎದೆ ಉಬ್ಬಿಸಿ, ಸಾಲಿನಲ್ಲಿ ಯಾವನೋ ಹಿಂದೆ ತಳ್ಳಾಡುತ್ತಿರುವುದನ್ನು ಕಂಡವರಂತೆ ನಿಂತಿದ್ದರು. ಗುಬ್ಬಿಯಲ್ಲಿ ಎರಡು ತಲೆಮಾರಿನ ಹುಡುಗರಿಗೆ ಡ್ರಿಲ್ ಮೇಷ್ಟ್ರಾಗಿದ್ದವರು, ಆರಡಿ ಎರಡಂಗುಲ.

ಗೇಟಿನ ಹತ್ತಿರ ಪಕ್ಕದ ಮನೆಯ ಶಕುಂತಲಮ್ಮ ಮೊಬೈಲು ಹಿಡಿದು ಕಾಯುತ್ತಿದ್ದಳು. ಮಗಳು ಅಕ್ಷತಾ ಕಳಿಸಿದ ಕರೆಯೋಲೆ ಅವಳಿಗೂ ಹೋಗಿತ್ತು. ಮಧ್ಯಾಹ್ನ ಮೂರಕ್ಕೆ ತುಮಕೂರಿನ ಕಾಲೇಜೊಂದರ ಸಭಾಂಗಣದಲ್ಲಿ ಇಪ್ಪತ್ತೆರಡು ನಿಮಿಷದ ಸಿನಿಮಾ, ಆಮೇಲೆ ಚರ್ಚೆ. ಸಿನಿಮಾದ ಹೆಸರು ‘ಕೂತ್ಕೊಳ್ಳಿ ಮೇಷ್ಟ್ರೇ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಂದು ಕಪ್ಪು ಹಾಸ್ಯ’.

“ಇದೇನ್ರೀ ಟೀಚರ್, ಹಾಸ್ಯದಲ್ಲೂ ಕಪ್ಪು ಬಿಳಿ ಐತಾ?”

ಗಂಗಾಂಬಿಕೆ ಒಂಬತ್ತನೇ ಕ್ಲಾಸಿಗೆ ನವರಸ ಹೇಳುವಾಗ ಪ್ರತಿ ರಸಕ್ಕೂ ಒಂದೊಂದು ಬಣ್ಣ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹಾಸ್ಯ ಬಿಳಿ. ಕರುಣೆಗೆ ಪಾರಿವಾಳದ ಬೂದು. ಭಯಾನಕ ಕಪ್ಪು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬ ಹುಡುಗನೂ ಎದ್ದು ನಿಂತು, ಟೀಚರ್, ಅಳೋ ಜಾಗದಲ್ಲಿ ನಗು ಬಂದ್ರೆ ಅದ್ಯಾವ ಬಣ್ಣ ಎಂದು ಕೇಳಿರಲಿಲ್ಲ. ಕೇಳಿದ್ದರೆ ಕಿವಿ ಹಿಂಡಿ ಕೂರಿಸಿರುತ್ತಿದ್ದಳೇನೋ.

“ನಂಗೂ ಗೊತ್ತಿಲ್ಲ ಶಕುಂತಲಮ್ಮ. ನೋಡ್ಕೊಂಡು ಬಂದು ಹೇಳ್ತೀನಿ.”

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚೀಲದೊಳಗಿನ ಮೊಬೈಲು ಎರಡು ಸಲ ಗುಂಯ್‌ಗುಟ್ಟಿತು, ಅವಳು ತೆಗೆದು ನೋಡಲಿಲ್ಲ. ಕುಣಿಗಲ್ಲಿನಿಂದ ಭಾವನೇ ಇರಬೇಕು. ಗಂಡನ ಅಣ್ಣ ಚನ್ನವೀರಯ್ಯ, ಎಪ್ಪತ್ತಾರು ವರ್ಷ, ಕುಣಿಗಲ್ ಪೇಟೆಯಲ್ಲಿ ಜವಳಿ ಅಂಗಡಿ, ಮನೆತನದಲ್ಲಿ ಅವರ ಮಾತಿಗೆ ಎದುರಾಡಿದವರಿಲ್ಲ. ಹೋದ ಭಾನುವಾರ ಯಾವನೋ ಮೊಮ್ಮಗ ಸಿನಿಮಾದ ಅರ್ಧ ನಿಮಿಷದ ತುಣುಕನ್ನು ಅವರಿಗೆ ತೋರಿಸಿದ್ದ. ಕೂಡಲೇ ಅವರ ಫೋನು ಬಂದಿತ್ತು. “ಏನವ್ವಾ ಗಂಗಾ, ನನ್ನ ತಮ್ಮನ ಹೆಣ ಇಟ್ಕೊಂಡು ನಿನ್ ಮಗಳು ನಗೆನಾಟ್ಕ ಆಡ್ಸವ್ಳಂತೆ?” “ನಾನಿನ್ನೂ ನೋಡಿಲ್ಲ ಭಾವ.” “ನೋಡೋದೇನು ಬಂತು? ನಿಲ್ಸು ಅಂತ ಹೇಳು. ಹೇಳ್ದಿದ್ರೆ ನಾನೇ ಬರ್ತೀನಿ. ಸಭೇಲಿ ಎದ್ದು ನಿಂತ್ಕೊಂಡೇ ಕೇಳ್ತೀನಿ.” “ಹೇಳ್ತೀನಿ ಭಾವ.” ಆ ವಾರವೆಲ್ಲ ದಿನಕ್ಕೆರಡು ಸಲ ಮಗಳಿಗೆ ಫೋನು ಮಾಡಿದಳು. ದೋಸೆ ಹಿಟ್ಟು ಹುಳಿ ಬರದಿರುವುದರ ಬಗ್ಗೆ, ಶೆಟ್ಟಿಹಳ್ಳಿಯ ಅವಳ ಬಾಡಿಗೆ ಮನೆಯಲ್ಲಿ ನೀರು ಬರುತ್ತದೋ ಇಲ್ಲವೋ ಎಂಬುದರ ಬಗ್ಗೆ ಮಾತಾಡಿ ಇಟ್ಟುಬಿಟ್ಟಳು. ನಿಲ್ಲಿಸು ಎನ್ನುವ ಮಾತು ನಾಲಗೆಯ ತುದಿಯವರೆಗೂ ಬರಲಿಲ್ಲ. ಹೆದರಿಕೆ ಎಂದುಕೊಂಡಿದ್ದಳು ಮೊದಲು. ಮಲ್ಲಸಂದ್ರ ದಾಟುವಾಗ, ಹೆದರಿಕೆಯ ಅಡಿಯಲ್ಲಿ ಬೇರೇನೋ ಇದೆ, ಅದು ಆಸೆಯ ಹಾಗಿದೆ ಎನಿಸಿತು.

ಅವಳಿಗೆ ಒಂದು ಗುಟ್ಟಿತ್ತು. ಅವತ್ತು ಬಸವರಾಜಯ್ಯ ತುಮಕೂರಿನ ಆಸ್ಪತ್ರೆಯಲ್ಲಿ ಸಂಜೆ ಹೊತ್ತಿಗೆ ತೀರಿಕೊಂಡಾಗ ಚನ್ನವೀರಯ್ಯ ಹೇಳಿದ ಮೊದಲ ಮಾತೇ ಬೇಗ ಕೂರಿಸಬೇಕು ಎಂದು. ಲಿಂಗೈಕ್ಯರಾದವರನ್ನು ಕೂರಿಸಿ ಪೂಜೆ ಮಾಡಿ, ಕೂತ ಹಾಗೆಯೇ ಹೂವಿನಿಂದ ಕಟ್ಟಿದ ವಿಮಾನದಲ್ಲಿ ಹೊತ್ತು, ಕೂತ ಹಾಗೆಯೇ ಮಣ್ಣಿಗಿಡುವುದು ಪದ್ಧತಿ. ಹೊತ್ತು ಕಳೆದರೆ ಮೈ ಸೆಟೆಯುತ್ತದೆ. ಆದರೆ ಅಕ್ಷತಾ ಆಗ ಬೆಳಗಾವಿಯಲ್ಲಿದ್ದಳು, ಬಂದು ಸೇರಲು ಬೆಳಗ್ಗೆಯಾಗುತ್ತಿತ್ತು. ಫ್ರೀಜರ್ ಬಾಕ್ಸ್ ತರಿಸಬೇಕಾಯಿತು. ಬಾಕ್ಸ್ ಬಂದಾಗ ಭಾವ, ಒಳಗೇ ಆದಷ್ಟು ಕಾಲು ಮಡಿಸಿ ಇಡೋಣ ಎಂದರು. ಆಗ ಗಂಗಾಂಬಿಕೆಯ ಬಾಯಿಂದ ಬಂದ ಮಾತು ಅವಳಿಗೇ ಇವತ್ತಿಗೂ ಅರ್ಥವಾಗಿಲ್ಲ: “ಬ್ಯಾಡ ಭಾವ, ಅವ್ರಿಗೆ ಬೆನ್ನು ನೋಯ್ತದೆ. ಇವತ್ತೊಂದಿನ ನೆಟ್ಟಗೆ ಮಲಗ್ಲಿ ಬಿಡಿ.” ಕೊನೆಯ ಆರು ತಿಂಗಳು ಅವರು ಬೆನ್ನುನೋವಿನಿಂದ ಮಗ್ಗುಲು ಬದಲಿಸಲೂ ಒದ್ದಾಡಿದ್ದರು. ಸತ್ತವರ ಬೆನ್ನು ನೋಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೆ.

ಬೆಳಗ್ಗೆ ಹೊರಗೆ ತೆಗೆದಾಗ ಮೇಷ್ಟ್ರು ತೆಂಗಿನ ತೊಲೆಯಾಗಿದ್ದರು. ಬಿಸಿನೀರು ಹುಯ್ದರು, ಹರಳೆಣ್ಣೆ ತಿಕ್ಕಿದರು, ಹಲಗೆಯ ಮೇಲೆ ಗೋಡೆಗೆ ಒರಗಿಸಿದರು. ಅವರು ಗೋಡೆಗುಂಟ ಜಾರಿ ಮತ್ತೆ ನೆಟ್ಟಗೆ ಮಲಗಿದರು. ಅವರದೇ ಹಳೇ ಶಿಷ್ಯರು ನಾಲ್ಕು ಜನ ಸೇರಿ ಮಂಡಿ ಮಡಿಸಿ ಒತ್ತಿ ಹಿಡಿದರು. ಒಬ್ಬನ ಕೈ ಎಣ್ಣೆಗೆ ಜಾರಿತು, ಮಡಿಸಿದ ಕಾಲು ಕಮಾನು ಬಿಟ್ಟ ಹಾಗೆ ಚಿಮ್ಮಿ, ಎದುರಿಗೆ ಬಗ್ಗಿ ವಿಭೂತಿ ಹಚ್ಚುತ್ತಿದ್ದ ಚನ್ನವೀರಯ್ಯನವರ ಎದೆಗೆ ಒದ್ದಿತು. ಅವರ ರುಮಾಲು ಹೋಗಿ ಬಿಲ್ವಪತ್ರೆಯ ಬುಟ್ಟಿಗೆ ಬಿತ್ತು. ಮೇಷ್ಟ್ರು ಬದುಕಿದ್ದಷ್ಟು ದಿನ ಅಣ್ಣನ ಮುಂದೆ ದನಿ ಏರಿಸದ ಮನುಷ್ಯ. ಅಂಗಳದಲ್ಲಿ ನೂರು ಜನ ಉಸಿರು ಬಿಗಿಹಿಡಿದರು. ಆಗ ಆಟೋ ಓಡಿಸುವ ಗಂಗರಾಜು, ಹತ್ತನೇ ಕ್ಲಾಸು ಮೂರು ಸಲ ಫೇಲಾದವನು, ಕಣ್ಣಲ್ಲಿ ನೀರು ಸುರಿಸುತ್ತಲೇ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ, “ಸಾರ್, ಸಾವಧಾನ್ ಸಾಕು ಸಾರ್... ವಿಶ್ರಾಮ್!” ಅಂದ. ಗಂಗಾಂಬಿಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊಟ್ಟೆಯ ಆಳದಿಂದ ಬಂದದ್ದನ್ನು ಹಲ್ಲು ಕಚ್ಚಿ ತಡೆದಷ್ಟೂ ಭುಜ ಕುಲುಕಿತು. ಪಕ್ಕದಲ್ಲಿ ಕೂತಿದ್ದ ಊರಿನ ಹಿರಿಯಳು ಸುಬ್ಬಲಕ್ಷ್ಮಮ್ಮ ಅವಳನ್ನು ತಬ್ಬಿಕೊಂಡು, “ಅಳಬ್ಯಾಡ ಕಣವ್ವಾ, ಅಳಬ್ಯಾಡ” ಎಂದು ತಾನೂ ಅತ್ತಳು. ಪಾಪ ಎಷ್ಟು ಅತ್ತಳು ಮಹಾತಾಯಿ ಎಂದು ಆಮೇಲೆ ಬೆಳ್ಳಾವಿಯ ತೋಟದಲ್ಲಿ ಸಮಾಧಿ ಮಾಡಿ ಬಂದವರೆಲ್ಲ ಆಡಿಕೊಂಡರು. ನಾಲ್ಕು ವರ್ಷ ಆ ಮಾತುಗಳನ್ನು ಕದ್ದ ಒಡವೆಯ ಹಾಗೆ ಇಟ್ಟುಕೊಂಡು ಬದುಕಿದ್ದಳು. ಅವಳು ಅತ್ತಿರಲಿಲ್ಲ. ನಕ್ಕಿದ್ದಳು.

ತುಮಕೂರಿನ ಬಸ್ ನಿಲ್ದಾಣದಲ್ಲಿ ಅಕ್ಷತಾ ಸ್ಕೂಟರಿನ ಮೇಲೆ ಕಾಯುತ್ತಿದ್ದಳು. ಮೂವತ್ತೆರಡರ ಹೆಣ್ಣುಮಗಳು, ಅಪ್ಪನ ಉದ್ದ, ಅಪ್ಪನ ಭುಜ. ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಈ ಸಿನಿಮಾ. ಮೂರು ರಜೆ ಇದರಲ್ಲಿ ಕಳೆದಿದ್ದಳು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು.

“ತಿಂಡಿ ತಿಂದ್ಯಾ ಅಮ್ಮ?”

“ತಿಂದೆ. ನೀನು?”

“ಇಳೀತಿಲ್ಲ.” ಹೆಲ್ಮೆಟ್ ಕೈಯಲ್ಲಿ ತಿರುಗಿಸುತ್ತ ನಿಂತಳು. “ಅಮ್ಮ, ನಿಂಗೆ ಮೊದಲೇ ತೋರಿಸ್ಬೇಕಾಗಿತ್ತು. ಧೈರ್ಯ ಆಗ್ಲಿಲ್ಲ. ನೋಡ್ತಾ ನೋಡ್ತಾ ಎದ್ದು ಹೋಗ್ಬೇಕು ಅನ್ಸಿದ್ರೆ ಹೋಗ್ಬಿಡು, ನಾನೇನೂ ಅಂದ್ಕೊಳಲ್ಲ.”

“ನಾನ್ಯಾಕೆ ಹೋಗ್ಲಿ? ಗಾಡಿ ತೆಗಿ.”

ದೊಡ್ಡಪ್ಪ ಬರುತ್ತಾರೆ ಎಂದು ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಹೇಳಲಿಲ್ಲ. ಬಿ.ಎಚ್. ರಸ್ತೆಯ ಗದ್ದಲದಲ್ಲಿ ಹೇಳಿದರೂ ಕೇಳಿಸುವುದಿಲ್ಲ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ನಾಚಿಕೆಯಾಯಿತು.

ಸಭಾಂಗಣ ಮುಕ್ಕಾಲು ತುಂಬಿತ್ತು. ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು, ನಡುನಡುವೆ ನರೆಗೂದಲಿನ ಸಾಹಿತ್ಯಾಸಕ್ತರು. ಮಗಳ ಹೆಸರು ಬ್ಯಾನರಿನ ಮೇಲೆ ದೊಡ್ಡ ಅಕ್ಷರದಲ್ಲಿತ್ತು, ಹಿಂದೆ ತಂದೆಯ ಹೆಸರೂ ಇತ್ತು: ಅಕ್ಷತಾ ಬಸವರಾಜ್. ಗಂಗಾಂಬಿಕೆ ಅಭ್ಯಾಸಬಲದಿಂದ ಕಾಗುಣಿತ ನೋಡಿದಳು. ತಪ್ಪಿರಲಿಲ್ಲ. ಎದೆಯೊಳಗೆ ಏನೋ ಚೂರು ಬೆಚ್ಚಗಾಯಿತು, ಅಷ್ಟರಲ್ಲೇ ಬಾಗಿಲಲ್ಲಿ ಬಿಳೀ ಪಂಚೆ, ಬಿಳೀ ಜುಬ್ಬ, ರುಮಾಲು ಕಂಡು ತಣ್ಣಗಾಯಿತು. ಚನ್ನವೀರಯ್ಯ ಕೋಲೂರಿಕೊಂಡು ಸೀದಾ ಅವಳಿದ್ದ ಸಾಲಿಗೆ ಬಂದು, ಒಂದು ಕುರ್ಚಿ ಬಿಟ್ಟು ಕೂತರು.

“ಹೇಳ್ದೆಯಾ?”

“ಇಲ್ಲ ಭಾವ.”

“ಹೂಂ” ಅಂದರು. ದೀಪ ಆರಿತು.

ತೆರೆಯ ಮೇಲೆ ಮೊದಲು ಕಂಡದ್ದೇ ಅವಳಿಗೆ ಅವಮಾನವೆನಿಸಿತು. ಮೇಷ್ಟ್ರ ಪಾತ್ರದವನು ಕುಳ್ಳ. ಆರಡಿ ಎರಡಂಗುಲದ ಮನುಷ್ಯನಿಗೆ ತುಮಕೂರು ಜಿಲ್ಲೆಯಲ್ಲಿ ಒಬ್ಬ ಉದ್ದನೆಯವನು ಸಿಗಲಿಲ್ಲವೇ? ಆ ಸಿಟ್ಟಿನಲ್ಲಿ ಮೊದಲ ಎರಡು ನಿಮಿಷ ಹೋಯಿತು. ಆಮೇಲೆ ಯಾರೋ ಹೆಂಗಸು ಹೆಣದ ಮುಂದೆ ಎದೆ ಬಡಿದುಕೊಂಡು ಅಳುತ್ತ, ನಡುವೆ ಅಳು ನಿಲ್ಲಿಸಿ, “ಈ ಬಾಕ್ಸು ಎಲ್ಲಿ ತರ್ಸಿದ್ರಿ?” ಎಂದು ಕೇಳಿ ಮತ್ತೆ ಅಳತೊಡಗಿದಾಗ ಹಿಂದಿನ ಸಾಲಿನ ಹುಡುಗರು ನಕ್ಕರು. ಆ ನಗು ಗಂಗಾಂಬಿಕೆಯ ಕಪಾಳಕ್ಕೆ ಬಿತ್ತು. ಪಕ್ಕದಲ್ಲಿ ಕೋಲು ನೆಲಕ್ಕೆ ಕುಟ್ಟಿದ ಸದ್ದು. ಆದರೆ ಮುಂದಿನ ಸಲ ಹುಡುಗರು ನಕ್ಕಾಗ ಅವಳು ಕಿವಿಗೊಟ್ಟು ಕೇಳಿದಳು. ಜಾರಿಬಿದ್ದವನನ್ನು ನೋಡಿ ಹೊಡೆಯುವ ಕೇಕೆ ಅದಲ್ಲ. ನಕ್ಕು, ಅರ್ಧದಲ್ಲಿ ತಡೆದು, ತಾವು ನಕ್ಕಿದ್ದು ಸರಿಯೋ ಎಂದು ಪಕ್ಕದವರ ಮುಖ ನೋಡಿಕೊಳ್ಳುವ ನಗು. ಕ್ಲಾಸಿನಲ್ಲಿ ಅಷ್ಟು ವರ್ಷ ಮಕ್ಕಳ ನಗುವನ್ನು ದೂರದಿಂದಲೇ ಬೇರೆ ಮಾಡಿ ಗುರುತಿಸುತ್ತಿದ್ದವಳಿಗೆ ಈ ನಗುವಿನಲ್ಲಿ ಕೆಡುಕಿಲ್ಲ ಎನ್ನುವುದು ತಿಳಿಯಿತು. ಆಗ ಅವಳು ಸಿನಿಮಾ ನೋಡತೊಡಗಿದಳು.

ನೋಡುತ್ತ ನೋಡುತ್ತ ಅವಳಿಗೆ, ತಾನು ಆ ದಿನ ಅಲ್ಲಿದ್ದೂ ಕೇಳಿಸಿಕೊಳ್ಳದ ಒಂದು ಸಂಗತಿಯನ್ನು ಮಗಳು ಕೇಳಿಸಿಕೊಂಡಿದ್ದಾಳೆ ಎನ್ನುವುದು ಹೊಳೆಯಿತು. ಸಿನಿಮಾದಲ್ಲಿ ಮೇಷ್ಟ್ರ ಉಸಿರು ನಿಂತ ಗಳಿಗೆಯಿಂದ ಎಲ್ಲರ ಮಾತೂ ಬದಲಾಗುತ್ತಿತ್ತು. ಅದನ್ನ ಎತ್ತಿ. ಅದರ ಕಾಲು ಹಿಡೀರಿ. ಅದನ್ನ ಈ ಕಡೆ ತಿರುಗ್ಸಿ. ಅಲ್ಲಿಯ ತನಕ ‘ಅವರು’ ಆಗಿದ್ದವರು ‘ಅದು’ ಆಗಿದ್ದರು. ಆಮೇಲೆ ಕಾಲು ಚಿಮ್ಮಿತು, ತೆರೆಯ ಮೇಲಿನ ಅಣ್ಣನ ರುಮಾಲು ಬುಟ್ಟಿಗೆ ಬಿತ್ತು, ಸಭಾಂಗಣ ಗೊಳ್ಳೆಂದಿತು. ಗಂಗಾಂಬಿಕೆಗೆ ಎಡಗಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಟೋದವನು ಕಿವಿಯಲ್ಲಿ ಹೇಳಿದ. ಹೇಳಿದ್ದು ‘ಸಾರ್’ ಎಂದು, ಬದುಕಿದ್ದವರನ್ನು ಕರೆಯುವ ಹಾಗೆ. ಕ್ಯಾಮರಾ ಆ ಹೆಂಡತಿಯ ಪಾತ್ರದ ಕುಲುಕುವ ಭುಜದ ಮೇಲೆ ಬಂತು. ಅಲ್ಲೇ ನಿಲ್ಲುತ್ತದೆ ಎಂದುಕೊಂಡಳು. ನಿಲ್ಲಲಿಲ್ಲ. ಸೆರಗಿನ ಒಳಗೆ ಹೋಯಿತು. ಬಟ್ಟೆಯ ಮಬ್ಬು ಬೆಳಕಿನಲ್ಲಿ, ಕಣ್ಣಿನಲ್ಲಿ ನೀರು ತುಂಬಿಕೊಂಡು, ಆ ಹೆಂಗಸು ನಗುತ್ತಿದ್ದಳು. ಬಾಯಿತುಂಬ, ಸದ್ದಿಲ್ಲದೆ. ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ.

ಇವಳಿಗೆ ಹೇಗೆ ಗೊತ್ತಾಯಿತು? ಅವತ್ತು ಬೆಳಗ್ಗೆ ಬಸ್ಸಿಳಿದು ಓಡಿಬಂದ ಮಗಳು ತನ್ನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅಳುವ ಬೆನ್ನಿಗೂ ನಗುವ ಬೆನ್ನಿಗೂ ಇರುವ ವ್ಯತ್ಯಾಸ ಆ ಕೈಗೆ ಗೊತ್ತಾಗಿತ್ತು. ಗೊತ್ತಾಗಿ ನಾಲ್ಕು ವರ್ಷ ಸುಮ್ಮನಿದ್ದಳು. ಗಂಗಾಂಬಿಕೆಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು. ಅದರ ಜೊತೆಗೇ, ಇಷ್ಟು ದಿನ ಒಬ್ಬಳೇ ಹೊತ್ತ ಕೊಡದ ಅಂಚಿಗೆ ಇನ್ನೊಬ್ಬರು ಕೈ ಹಾಕಿದಷ್ಟು ಹಗುರವೂ ಆಯಿತು.

ಚಪ್ಪಾಳೆ ಮುಗಿದು ದೀಪ ಹತ್ತಿತು. ವೇದಿಕೆಯಲ್ಲಿ ಅಕ್ಷತಾ, ಪಕ್ಕದಲ್ಲಿ ಚರ್ಚೆ ನಡೆಸಲು ಬಂದ ಪ್ರೊಫೆಸರ್ ಭಾನುಪ್ರಕಾಶ್. ಅವರು ಕಪ್ಪು ಹಾಸ್ಯವೆಂದರೇನು ಎಂದು ಹತ್ತು ನಿಮಿಷ ವಿವರಿಸಿದರು. ನಗಬಾರದ ಕಡೆ ನಗು ಬರಿಸಿ, ನಕ್ಕವನನ್ನೇ ಬೆಚ್ಚಿಬೀಳಿಸುವುದು. ಸಾವು, ರೋಗ, ಯುದ್ಧ, ಯಾವುದರ ಮುಂದೆ ಮನುಷ್ಯ ಕೈಲಾಗದವನೋ ಅದರ ಮುಂದೆ ಅವನಿಗೆ ಉಳಿಯುವ ಕೊನೆಯ ಸ್ವಾತಂತ್ರ್ಯ. ಸಾಹಿತ್ಯದಲ್ಲಿ ಅದು ವಾಕ್ಯದ ತಿರುವಿನಲ್ಲಿರುತ್ತದೆ, ಸಿನಿಮಾದಲ್ಲಿ ಕ್ಯಾಮರಾ ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲಿ. ಹುಡುಗರು ಬರೆದುಕೊಂಡರು. ಮುಂದಿನ ಸಾಲಿನಲ್ಲಿ ನಾಗೇಶ್ ಎನ್ನುವ ನಿವೃತ್ತ ಅಧಿಕಾರಿ ಎದ್ದು ನಿಂತರು.

“ಎಲ್ಲಾ ಸರಿ ಸಾರ್. ಇದರಿಂದ ಸಮಾಜಕ್ಕೆ ಏನುಪಯೋಗ? ನಮ್ಮ ಹಿರಿಯರು ಮಾಡ್ಕೊಂಬಂದ ಕ್ರಿಯೆ ಅದು. ಅದನ್ನ ನೋಡಿ ನಗೋದು ಒಂದು. ಗಂಡ ಸತ್ತ ಹೆಣ್ಣುಮಗಳು ನಗ್ತಾಳೆ ಅಂತ ತೋರ್ಸೋದು ಇನ್ನೊಂದು. ಇದು ನಿಮ್ಮನೇ ಕತೆ ಅಂತ ಕೇಳಿದೀನಿ. ನಿಮ್ಮ ತಾಯಿ ಏನನ್ಕೋಬೇಕಮ್ಮ? ಅವ್ರನ್ನ ಕೇಳಿದ್ರಾ?”

ಅಕ್ಷತಾ ಮೈಕು ಹಿಡಿದಳು. ಸಾಲುಗಳ ಮೇಲೆ ಹಾದ ಅವಳ ಕಣ್ಣು ಅಮ್ಮನ ಮೇಲೆ ಬಂತು, ಒಂದು ಕುರ್ಚಿಯಾಚೆ ಕೂತ ರುಮಾಲಿನ ಮೇಲೆ ಬಂತು. ಮುಖದ ಬಣ್ಣ ಇಳಿಯಿತು.

“ಕೇಳಿಲ್ಲ ಸಾರ್. ಅದು ನನ್ನ ತಪ್ಪು,” ಅಂದಳು. ಆಮೇಲೆ ಬೇಗ ಬೇಗ, “ಆದ್ರೆ ಒಂದು ಸ್ಪಷ್ಟ ಮಾಡ್ತೀನಿ. ಸೆರಗಿನ ದೃಶ್ಯ ಪೂರ್ತಿ ನನ್ನ ಕಲ್ಪನೆ. ನಮ್ಮಮ್ಮ ಅವತ್ತು ನಗಲಿಲ್ಲ. ಅತ್ತರು. ತುಂಬ ಅತ್ತರು. ಅದನ್ನ ನಮ್ಮ ಮನೆಯವ್ರೆಲ್ಲ ನೋಡವ್ರೆ.”

ಗಂಗಾಂಬಿಕೆಗೆ ಮಗಳು ಏನು ಮಾಡುತ್ತಿದ್ದಾಳೆ ಎನ್ನುವುದು ಅರ್ಥವಾಯಿತು. ಮೂರು ವರ್ಷದ ಕೆಲಸ, ಅದರ ಪ್ರಾಣವೇ ಇರುವ ದೃಶ್ಯ. ಅದನ್ನು ಅಮ್ಮನ ಮಾನಕ್ಕಾಗಿ ದೊಡ್ಡಪ್ಪನ ಕಾಲಿನ ಬುಡಕ್ಕೆ ಹಾಕುತ್ತಿದ್ದಳು. ಸುಮ್ಮನೆ ಕೂತಿದ್ದರೆ ಎಲ್ಲ ಮುಗಿಯುತ್ತಿತ್ತು. ಮಹಾತಾಯಿ ಎನ್ನುವ ಹೆಸರು ಉಳಿಯುತ್ತಿತ್ತು. ಭಾವ ಸಮಾಧಾನವಾಗಿ ಕುಣಿಗಲ್ಲಿಗೆ ಹೋಗುತ್ತಿದ್ದರು. ಮಗಳಿಗೆ ಸೈಕಲ್ಲು ಕಲಿಸುವಾಗ ಅವಳಪ್ಪ ಹಿಂಬದಿ ಹಿಡಿದು ಓಡಿ, ಅವಳಿಗೆ ಗೊತ್ತಾಗದ ಹಾಗೆ ಕೈಬಿಟ್ಟ ಸಂಜೆ ಯಾಕೋ ನೆನಪಾಯಿತು. ಹಿಂದೆ ಯಾರೂ ಇಲ್ಲವೆಂದು ತಿಳಿಯುವವರೆಗೆ ಆ ಹುಡುಗಿ ಎಷ್ಟು ಚೆಂದ ಹೋಗುತ್ತಿದ್ದಳು. ಗಂಗಾಂಬಿಕೆ ಎದ್ದು ನಿಂತಳು.

“ಅವಳು ಸುಳ್ಳು ಹೇಳ್ತಿದಾಳೆ,” ಅಂದಳು.

ಎಲ್ಲರೂ ತಿರುಗಿದರು. ಯಾರೋ ಹುಡುಗಿ ಮೈಕು ತಂದುಕೊಟ್ಟಳು. ಇಪ್ಪತ್ತೊಂಬತ್ತು ವರ್ಷ ಮೈಕಿಲ್ಲದೆ ಅರವತ್ತು ಮಕ್ಕಳಿಗೆ ಕೇಳಿಸುವಂತೆ ಮಾತಾಡಿದವಳು ಅದನ್ನು ದೂರ ಹಿಡಿದುಕೊಂಡೇ ಮಾತಾಡಿದಳು.

“ನಾನು ಅವಳ ತಾಯಿ. ಗಂಗಾಂಬಿಕೆ ಅಂತ, ಗುಬ್ಬಿ. ಅದು ಕಲ್ಪನೆ ಅಲ್ಲ. ಅವತ್ತು ನಾನು ನಕ್ಕೆ. ಎಲ್ಲರೂ ಅತ್ತಳು ಅಂದ್ಕೊಂಡ್ರು, ನಾನೂ ಅಂದ್ಕೊಳ್ಳಿ ಅಂತ ಸುಮ್ನಿದ್ದೆ. ಸಿನಿಮಾದಲ್ಲಿ ತೋರ್ಸಿದ್ದು ಕಮ್ಮಿ. ಇನ್ನೂ ಜಾಸ್ತಿನೇ ನಕ್ಕಿದ್ದೆ.” ಎಲ್ಲೋ ಒಂದು ಸಣ್ಣ ನಗು ಹುಟ್ಟಿ ಸತ್ತಿತು. “ಉಪಯೋಗ ಏನು ಅಂತ ಕೇಳಿದ್ರಿ ನೀವು. ಸಮಾಜದ್ದು ನಂಗೊತ್ತಿಲ್ಲ. ನನ್ನದು ಹೇಳ್ತೀನಿ. ಹಿಂದಿನ ಸಂಜೆಯಿಂದ ಎಲ್ರೂ ನಮ್ಮೆಜಮಾನ್ರನ್ನ ‘ಅದು’ ಅಂತಿದ್ರು. ಯಾರ ತಪ್ಪೂ ಅಲ್ಲ, ಹಂಗೇ ಅನ್ನೋದು. ನಾನೂ ಅಂದಿದ್ದೆ. ಮೂವತ್ತಾರು ವರ್ಷ ಬಾಳಿದವ್ರನ್ನ ‘ಅದು’ ಅಂದಿದ್ದೆ. ಮುಖ ನೋಡಿದ್ರೆ ಅಳು ಬರ್ತಿರ್ಲಿಲ್ಲ. ಯಾರದೋ ಮುಖ ಅನ್ನಿಸ್ತಿತ್ತು. ಆ ಹುಡ್ಗ ಬಂದು ಸಾರ್ ಅಂತ ಕೂಗಿದ ನೋಡಿ, ಆ ಗಳಿಗೇಲಿ ಅವ್ರು ವಾಪಸ್ ಬಂದ್ರು. ನಮ್ಮ ಮೇಷ್ಟ್ರೇ. ಯಾರು ಏನೇ ಮಾಡಿದ್ರೂ ಬಗ್ಗದೇ ಇರೋ ಮೇಷ್ಟ್ರು. ನಾನು ನಕ್ಕಿದ್ದು ಹೆಣ ನೋಡಿ ಅಲ್ಲ ಸ್ವಾಮಿ. ಗಂಡನ್ನ ನೋಡಿ. ಕೊನೇ ಸಲ ನೋಡ್ದೆ. ಆ ನಗು ಬರ್ದಿದ್ರೆ ಒಂದು ಕಟ್ಟಿಗೆಗೆ ಮಣ್ಣು ಹಾಕಿ ಬರ್ತಿದ್ದೆ.”

ನಾಗೇಶ್ ನಿಂತೇ ಇದ್ದರು. ನಿಧಾನಕ್ಕೆ ಕೂತರು. ವೇದಿಕೆಯ ಮೇಲೆ ಅಕ್ಷತಾ ಮೈಕನ್ನು ಎದೆಗೆ ಒತ್ತಿಕೊಂಡಿದ್ದಳು, ಅವಳ ಉಸಿರು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು.

“ಇನ್ನೊಂದು ಮಾತು,” ಗಂಗಾಂಬಿಕೆ ಹೇಳಿದಳು. “ಅದನ್ನ ನಾನು ಯಾರಿಗೂ ಹೇಳ್ದೆ ನಾಲ್ಕು ವರ್ಷ ಪಾಪ ಅಂದ್ಕೊಂಡಿದ್ದೆ. ಇವಳು ಅದರಲ್ಲಿ ಏನಿದೆ ಅಂತ ನೋಡಿದ್ಲು. ನಾನು ಕನ್ನಡ ಟೀಚರು, ನೋಡ್ಲಿಲ್ಲ. ಇವಳು ನೋಡಿದ್ಲು. ಅಷ್ಟೇ.”

ಅವಳು ಕೂತಳು. ಚಪ್ಪಾಳೆಯೋ ಏನೋ ಆಗುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಪಕ್ಕದಲ್ಲಿ ಕೋಲೂರಿದ ಸದ್ದಾಯಿತು, ಚನ್ನವೀರಯ್ಯ ಎದ್ದರು. ಬಂತು, ಎಂದುಕೊಂಡು ಕಣ್ಣು ಮುಚ್ಚಿದಳು.

“ಸಿನಿಮಾದಲ್ಲಿ ಒಂದು ತಪ್ಪೈತೆ,” ಅಂದರು ಅವರು. ಮೈಕು ಬೇಡವೆಂದು ಕೈಯಲ್ಲೇ ತಳ್ಳಿದರು. “ಬಲಗಾಲಲ್ಲಿ ಒದ್ದಂಗೆ ತೋರ್ಸವ್ರೆ. ಅವ್ನು ಒದ್ದಿದ್ದು ಎಡಗಾಲಲ್ಲಿ.”

ಕೂತರು. ಸಭೆ ಬಿದ್ದುಬಿದ್ದು ನಕ್ಕಿತು. ಅವರು ಮಾತ್ರ ನಗಲಿಲ್ಲ. ತೆರೆಯಿದ್ದ ಕಡೆ ನೋಡುತ್ತ ಕೂತಿದ್ದರು.

ಹೊರಗೆ ಇನ್ನೂ ಬಿಸಿಲಿತ್ತು. ಅಕ್ಷತಾಳನ್ನು ಹುಡುಗರು ಮುತ್ತಿಕೊಂಡಿದ್ದರು. ಭಾವ ಗೇಟಿನ ಬದಿಯ ಹೊಂಗೆಮರದ ಕಟ್ಟೆಯ ಮೇಲೆ ಒಬ್ಬರೇ ಕೂತಿರುವುದನ್ನು ಕಂಡು ಗಂಗಾಂಬಿಕೆ ಹೋಗಿ ಪಕ್ಕದಲ್ಲಿ ನಿಂತಳು. ಬೈಯಲಿ ಎಂದು ಕಾದಳು. ಅವರು ಬೈಯಲಿಲ್ಲ.

“ನಿಂಗೆ ಅವ್ನು ಮಿಲ್ಟ್ರಿ ವಿಚಾರ ಹೇಳಿದ್ನಾ?”

ಹೇಳಿದ್ದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೈನ್ಯಕ್ಕೆ ಆಯ್ಕೆಯಾಗಿ ಕಾಗದ ಬಂದಿತ್ತು. ಮನೆಯಲ್ಲಿ ಗಂಡುದಿಕ್ಕು ಸಾಲದು ಎಂದು ಅಣ್ಣ ಆ ಕಾಗದವನ್ನು ಎದುರಿಗೇ ಹರಿದು ಒಲೆಗೆ ಹಾಕಿದ್ದ. ಬಸವರಾಜಯ್ಯ ಅದನ್ನು ಒಂದೇ ಒಂದು ಸಲ, ನಗುತ್ತಲೇ ಹೇಳಿದ್ದರು: “ಸೈನ್ಯ ಹೋಯ್ತು, ಸ್ಕೂಲಿನ ಗ್ರೌಂಡ್ ಸಿಗ್ತು.”

“ಹೇಳಿದ್ರು ಭಾವ.”

“ಒಂದು ಮಾತಾಡ್ಲಿಲ್ಲ ಕಣವ್ವಾ ಅವತ್ತು ಅವ್ನು. ಹೂಂ ಅಣ್ಣ ಅಂದ. ಆಮೇಲೂ ಹೂಂ ಅಣ್ಣ ಅಂತ್ಲೇ ಸತ್ತ.” ಕೋಲಿನ ತುದಿಯಿಂದ ಮಣ್ಣು ಕೆರೆದರು. “ಎಲ್ರೂ ಸೆಟೆದಿದ್ದು ಅಂತಾರೆ. ನಂಗೆ ಹಂಗನ್ನಿಸ್ಲಿಲ್ಲ. ನಾಲ್ಕು ವರ್ಷ ಆಯ್ತು, ಪೂಜೆಗೆ ಕೂತ್ರೆ ಇಲ್ಲಿ, ಎದೇಲಿ, ಆ ಕಾಲು ಬಿದ್ದಂಗೇ ಆಯ್ತದೆ. ಬೇಕು ಅಂತ್ಲೇ ಒದ್ನೇನೋ. ಅದ್ನ ಈ ಹುಡ್ರೆಲ್ಲ ನೋಡಿ ನಗ್ತಾವಲ್ಲ ಅಂತ ಸಂಕಟ ಆಗಿ ಬಂದೆ. ಮರ್ಯಾದೆ ಗಿರ್ಯಾದೆ ಅಂದಿದ್ದೆಲ್ಲಾ ಸುಳ್ಳು.”

ಅವರ ಕಣ್ಣಿನಲ್ಲಿ ಅವಳು ಹಿಂದೆಂದೂ ಕಾಣದ ಒಂದು ಹೆದರಿಕೆಯಿತ್ತು. ಅಯ್ಯೋ ಹಂಗೆಲ್ಲ ಇಲ್ಲ ಭಾವ, ಸತ್ತವರು ಒದೀತಾರಾ, ನರ ಬಿಗಿದಿತ್ತು, ಕೈ ಜಾರಿತು ಎಂದು ಹೇಳಬಹುದಿತ್ತು. ಅವರ ಸುತ್ತಲಿನವರೆಲ್ಲ ನಾಲ್ಕು ವರ್ಷದಿಂದ ಹೇಳಿದ್ದೂ ಅದೇ ಇರಬೇಕು. ಅದರಿಂದ ಅವರಿಗೆ ಒಂದು ದಿನವೂ ನಿದ್ದೆ ಬಂದ ಹಾಗಿರಲಿಲ್ಲ. ಗಂಗಾಂಬಿಕೆ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತಳು. ಮದುವೆಯಾಗಿ ಬಂದು ನಲವತ್ತು ವರ್ಷದಲ್ಲಿ ಭಾವನ ಸಮ ಕೂತದ್ದು ಅದೇ ಮೊದಲು.

“ಬೇಕು ಅಂತ್ಲೇ ಒದ್ದಿರ್ತಾರೆ ಬಿಡಿ ಭಾವ,” ಅಂದಳು.

ಅವರು ಅವಳ ಕಡೆ ತಿರುಗಿದರು.

“ನಲವತ್ತು ವರ್ಷ ಕಾದವ್ರೆ. ಬದುಕಿದ್ದಾಗ ಒದ್ರೆ ನೀವು ತಿರುಗಿಸಿ ಒದೀತಿದ್ರಿ. ಡ್ರಿಲ್ ಮೇಷ್ಟ್ರು ಅಲ್ವಾ, ಟೈಮ್ ನೋಡ್ಕೊಂಡು ಒದ್ರು.”

ಎಲ್ಲ ಕೆಟ್ಟುಹೋಯಿತು ಎಂದುಕೊಂಡಳು. ಆಮೇಲೆ ಚನ್ನವೀರಯ್ಯನವರ ಗಂಟಲಿನಿಂದ ಹಳೇ ಗೇಟು ತೆರೆದ ಹಾಗೆ ಒಂದು ಸದ್ದು ಬಂತು. ಅದು ಕೆಮ್ಮಾಯಿತು, ಕೆಮ್ಮು ನಗುವಾಯಿತು. ಕೋಲು ಕೈಜಾರಿ ಬಿತ್ತು. “ಟೈಮ್... ಟೈಮ್ ನೋಡ್ಕೊಂಡು...” ಎನ್ನುತ್ತ, ತೊಡೆ ತಟ್ಟಿಕೊಳ್ಳುತ್ತ, ಕಣ್ಣು ಒರೆಸಿಕೊಳ್ಳುತ್ತ ನಕ್ಕರು. “ಕಳ್ಳ ನನ್ಮಗ! ಕಾಯ್ತಿದ್ದ ಕಣೇ ಗಂಗಾ ಅವ್ನು! ಕಾಯ್ತಿದ್ದ!” ತಮ್ಮ ಸತ್ತ ಮೇಲೆ ಅವನನ್ನು ಅವರು ಬೈದದ್ದು ಅದೇ ಮೊದಲಿರಬೇಕು. ಬೈಗುಳದಲ್ಲಿ ಪ್ರೀತಿ ಉಕ್ಕುತ್ತಿತ್ತು.

ಸದ್ದು ಕೇಳಿ ಅಕ್ಷತಾ ಗಾಬರಿಯಿಂದ ಓಡಿಬಂದಳು. ಹಿಂದೆ ನಾಲ್ಕೈದು ಹುಡುಗಿಯರು.

“ದೊಡ್ಡಪ್ಪ, ಏನಾಯ್ತು? ತಪ್ಪಾಯ್ತು ದೊಡ್ಡಪ್ಪ, ನಾನು...”

“ಏಯ್ ಸುಮ್ಕಿರೇ. ಇದ್ನ ಕುಣಿಗಲ್ಲಲ್ಲಿ ತೋರ್ಸಕ್ಕೆ ಏನು ಬೇಕು?”

ಅಕ್ಷತಾ ಅಮ್ಮನ ಮುಖ ನೋಡಿದಳು. “ಒಂದು ಗೋಡೆ ಇದ್ರೆ ಸಾಕು ದೊಡ್ಡಪ್ಪ.”

“ಅಂಗ್ಡಿ ಹಿಂದೆ ಅಷ್ಟಗಲ ಗೋಡೆ ಐತೆ. ಮುಂದಿನ ಸೋಮವಾರ ಬಾ. ಎಲ್ರನ್ನೂ ಕರೀತೀನಿ.”

ಗಂಗಾಂಬಿಕೆ ಮಗಳನ್ನು ನೋಡಿದಳು. ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿದ್ದರೂ ಆ ಹುಡುಗಿ ದೊಡ್ಡಪ್ಪನ ಮುಖವನ್ನು, ಆ ನಗುವಿನ ಒಂದೊಂದು ಗೆರೆಯನ್ನೂ ಬಿಡದೆ ನೋಡಿಕೊಳ್ಳುತ್ತಿದ್ದಳು, ಮುಂದೆಂದೋ ಬೇಕಾಗುತ್ತದೆ ಎನ್ನುವವಳ ಹಾಗೆ. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದುಕೊಂಡಳು ಗಂಗಾಂಬಿಕೆ. ಇಂಥ ಹೆಮ್ಮೆ ಅವಳಿಗೆ ಯಾವ ರಿಸಲ್ಟಿನ ದಿನವೂ ಆಗಿರಲಿಲ್ಲ.

ಹುಡುಗಿಯರಲ್ಲೊಬ್ಬಳು ಕೆಳಗೆ ಬಿದ್ದಿದ್ದ ಕೋಲನ್ನು ಎತ್ತಿ ಚನ್ನವೀರಯ್ಯನವರ ಕೈಗೆ ಕೊಡುತ್ತ, “ತಾತ, ನೀವು ಮೇಡಂಗೆ ಏನಾಗ್ಬೇಕು?” ಎಂದು ಕೇಳಿದಳು.

ಅವರು ಕೋಲೂರಿ ಎದ್ದು ನಿಂತರು. ಜುಬ್ಬ ಎಳೆದು ಸರಿಮಾಡಿಕೊಂಡರು.

“ಸಿನಿಮಾದಲ್ಲಿ ಒದೆ ತಿಂದ್ನಲ್ಲವ್ವಾ,” ಅಂದರು, “ಅವ್ನೇ ನಾನು.”